ಮುಖ ನೋಡದವರಿಗೆ ಮೊದಲೇ ದುಡ್ಡು ಕೊಡೋದು ಯಾವ ಧೈರ್ಯದ ಮೇಲೆ?

ಚಿಕ್ಕಮಗಳೂರಿನವರಿಗೆ ಕಾಫಿಪುಡಿ ಕೊಳ್ಳುವಾಗ ಒಂದು ಅನುಕೂಲ ಇದೆ. ಎಂ.ಜಿ. ರಸ್ತೆಯ ಪುಡಿ ಅಂಗಡಿಗೆ ಹೋಗಿ "ಅರ್ಧ ಕೆಜಿ, ಎಂಬತ್ತು-ಇಪ್ಪತ್ತು ಹಾಕಿ" ಅಂದರೆ ಸಾಕು. ಕಣ್ಣೆದುರಿಗೇ ಎಂಬತ್ತು ಪಾಲು ಬೀಜ ತೂಗುತ್ತಾರೆ, ಇಪ್ಪತ್ತು ಪಾಲು ಚಿಕೋರಿ ತೂಗುತ್ತಾರೆ, ಮಿಷನ್ನಿಗೆ ಸುರಿಯುತ್ತಾರೆ. ಪುಡಿ ಇನ್ನೂ ಬೆಚ್ಚಗಿರುವಾಗಲೇ ಕವರ್ ಕೈಗೆ ಬರುತ್ತದೆ. ಸರಿ ಇಲ್ಲ ಅನ್ನಿಸಿದರೆ ನಾಳೆ ಅದೇ ಅಂಗಡಿ ಮುಂದೆ ನಿಂತು ಜಗಳ ಆಡಬಹುದು. ಮಾಲೀಕರ ಮನೆ ಎಲ್ಲಿ, ಅವರ ಮಗ ಎಲ್ಲಿ ಓದುತ್ತಾನೆ ಅನ್ನೋದೂ ಗೊತ್ತಿರುತ್ತದೆ.

ಅದೇ ಪುಡಿಯನ್ನು ಕಲಬುರಗಿಯಲ್ಲಿ ಕೂತವರೊಬ್ಬರು ಮೊಬೈಲಿನಲ್ಲಿ ನೋಡುತ್ತಿದ್ದಾರೆ ಅಂದುಕೊಳ್ಳಿ. ಅವರಿಗೆ ಕಾಣಿಸೋದು ಒಂದು ಫೋಟೊ, ನಾಲ್ಕು ಸಾಲು ವಿವರ, ಒಂದು ರೇಟು. "ಶುದ್ಧ ಅರೇಬಿಕಾ, ತೋಟದಿಂದ ನೇರ ನಿಮ್ಮ ಮನೆಗೆ" ಅಂತ ಹತ್ತು ಜನ ಬರೆದಿರುತ್ತಾರೆ. ಹತ್ತರಲ್ಲಿ ಯಾರ ಮಾತು ನಿಜ ಅಂತ ಫೋಟೊ ನೋಡಿ ಹೇಳೋಕಾಗಲ್ಲ. ಆದರೂ ಅವರು ಕೊಳ್ಳುತ್ತಾರೆ, ಅದೂ ಎಷ್ಟೋ ಸಲ ಮೊದಲೇ ದುಡ್ಡು ಕಟ್ಟಿ. ಆ ಧೈರ್ಯ ಬರೋದು ಫೋಟೊ ಕೆಳಗಿನ ಸ್ಟಾರ್‌ಗಳಿಂದ, ಬೇರೆ ಗಿರಾಕಿಗಳು ಬರೆದ ನಾಲ್ಕು ಮಾತಿನಿಂದ. ಮಾರುವವರ ಸರಕಿಗೆ ಎಷ್ಟು ರೇಟು ಸಿಗುತ್ತದೆ, ಅದು ಎಷ್ಟು ಜನರ ಕಣ್ಣಿಗೆ ಬೀಳುತ್ತದೆ, ಮುಂದಿನ ತಿಂಗಳು ಅವರ ಅಕೌಂಟ್ ಉಳಿದಿರುತ್ತದಾ ಅನ್ನೋದೆಲ್ಲ ಈ ಸ್ಟಾರ್‌ಗಳನ್ನೇ ನೆಚ್ಚಿಕೊಂಡಿದೆ.

ಈ ತೊಡಕನ್ನು ಬಿಡಿಸಿ ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಅವರು ಹಳೇ ಕಾರುಗಳ ವ್ಯಾಪಾರವನ್ನು ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಅದಕ್ಕೂ ಮೊದಲು ಸ್ವಲ್ಪ ಕಾಲ ಭಾರತದಲ್ಲಿ ಇದ್ದು ಹೋಗಿದ್ದರು. ಹಾಗಾಗಿ ಆ ಪ್ರಬಂಧದಲ್ಲಿ ನಮ್ಮ ಅಕ್ಕಿ ಅಂಗಡಿಯೂ ಬರುತ್ತದೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲನ್ನು ಬೇಕಂತಲೇ ಬೆರೆಸಿರುತ್ತಾರೆ, ಮನೆಯ ಹೆಂಗಸರು ಕೂತು ಆರಿಸಬೇಕು ಅಂತ ಅವರು ಬರೆದಿದ್ದಾರೆ. ಮೊರ ಹಿಡಿದು ಕೂತ ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳೋಕೆ ಅರ್ಥಶಾಸ್ತ್ರಜ್ಞ ಬೇಕಿರಲಿಲ್ಲ ಬಿಡಿ. ಆದರೆ ಅಲ್ಲಿಂದ ಮುಂದಕ್ಕೆ ಅವರು ಹೋದ ದಾರಿ ಮುಖ್ಯ. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು.

ಅವರ ವಾದವನ್ನು ಕಾಫಿಪುಡಿಗೆ ಹಾಕಿ ನೋಡೋಣ. ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಚಿಕೋರಿ ಇಲ್ಲದ ಪುಡಿ ಮಾಡಲು ಕೆಜಿಗೆ 900 ರೂಪಾಯಿ ತಗಲುತ್ತದೆ. ಧಾರಾಳವಾಗಿ ಚಿಕೋರಿ ಸುರಿದು, ಅದನ್ನು ಮುಚ್ಚಿಟ್ಟು "ಶುದ್ಧ" ಅಂತ ಮಾರುವವರಿಗೆ 500 ತಗಲುತ್ತದೆ. ಪ್ಯಾಕೆಟ್ ಎರಡೂ ನೋಡೋಕೆ ಒಂದೇ. ಕೊಳ್ಳುವವರು ಯಾಕೆ ರಿಸ್ಕ್ ಅಂತ ನಡುವಿನ ರೇಟು, 700 ಕೊಡುತ್ತಾರೆ. ಒಳ್ಳೆ ಪುಡಿಯವರಿಗೆ 200 ನಷ್ಟ, ಬೆರಕೆಯವರಿಗೆ 200 ಲಾಭ. ಸ್ವಲ್ಪ ದಿನಕ್ಕೆ ಒಳ್ಳೆಯವರು ಕೈತೊಳೆದುಕೊಂಡು ಹೋಗುತ್ತಾರೆ. ಉಳಿದದ್ದೆಲ್ಲ ಬೆರಕೆ ಅಂತ ತಿಳಿದ ಮೇಲೆ ಗಿರಾಕಿ 700 ಕೂಡ ಕೊಡುವುದಿಲ್ಲ. ಒಳ್ಳೆ ಪುಡಿ ಬೇಕು ಅನ್ನುವವರೂ ಇದ್ದಾರೆ, ಮಾಡುವವರೂ ಇದ್ದಾರೆ, ವ್ಯಾಪಾರ ಮಾತ್ರ ಇಲ್ಲ.

ಚಿಕೋರಿ ಹಾಕೋದೇನೂ ತಪ್ಪಲ್ಲ, ನಮ್ಮಲ್ಲಿ ಅದು ಇಲ್ಲದಿದ್ದರೆ ಕಾಫಿ ಸಪ್ಪೆ ಅನ್ನುವವರೇ ಜಾಸ್ತಿ. ಮುಚ್ಚಿಡೋದು ತಪ್ಪು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡ 51 ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು ಅಂತ ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡೋದೂ ಸುಲಭ. ಒಂದು ಲೋಟ ತಣ್ಣೀರಿನ ಮೇಲೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಟ್ಟುಕೊಂಡು ಕೆಳಗೆ ಇಳಿಯುತ್ತದೆ. ಆದರೆ ಈ ಪರೀಕ್ಷೆ ಮಾಡುವ ಹೊತ್ತಿಗೆ ದುಡ್ಡು ಹೋಗಿ ಆಗಿರುತ್ತದೆ, ಅಲ್ವಾ? ಕಲಬುರಗಿಯ ಗಿರಾಕಿಗೆ ಬೇಕಿರೋದು ದುಡ್ಡು ಕೊಡುವ ಮೊದಲೇ ಸಿಗುವ ಗುರುತು.

ಆ ಗುರುತನ್ನು ಇಂಟರ್‌ನೆಟ್‌ನಲ್ಲಿ ದೊಡ್ಡ ಮಟ್ಟದಲ್ಲಿ ಮೊದಲು ಕಟ್ಟಿದ್ದು ಇಬೇ. 1995ರಲ್ಲಿ ಪಿಯೆರ್ ಒಮಿಡ್ಯಾರ್ ಅನ್ನುವವರು ಶುರುಮಾಡಿದ ಹರಾಜು ತಾಣ ಅದು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಹೇಳಿಯೇ ಮಾರಿದ್ದು ಅನ್ನೋದು ಗಮನಿಸಬೇಕಾದ ವಿಷಯ. ಜನ ಜಾಸ್ತಿಯಾದ ಹಾಗೆ ಜಗಳಗಳೂ ಜಾಸ್ತಿಯಾದವು. ಎಲ್ಲ ಜಗಳವನ್ನೂ ತಾವೇ ಬಿಡಿಸುತ್ತಾ ಕೂರೋಕಾಗುತ್ತದಾ? 1996ರ ಫೆಬ್ರವರಿಯಲ್ಲಿ ಅವರು ಒಂದು ಉಪಾಯ ಮಾಡಿದರು. ವ್ಯವಹಾರ ಮುಗಿದ ಮೇಲೆ ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಒಳ್ಳೆಯದಾದರೆ ಒಂದು ಅಂಕ ಕೂಡುತ್ತದೆ, ಕೆಟ್ಟದಾದರೆ ಒಂದು ಕಳೆಯುತ್ತದೆ. ಇವತ್ತು ನಾವು ನೋಡುವ ಸ್ಟಾರ್‌ಗಳ ಹಿಂದೆ ಇರೋದೂ ಇಂಥದೇ ಲೆಕ್ಕ.

ಇದಕ್ಕೆ ನಿಜಕ್ಕೂ ಬೆಲೆ ಇದೆಯಾ ಅಂತ ಅಮೆರಿಕದ ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿದರು. ಅವರು ಆರಿಸಿಕೊಂಡದ್ದು ಹಳೇ ಪೋಸ್ಟ್‌ಕಾರ್ಡ್‌ಗಳನ್ನು. ಇಬೇಯಲ್ಲಿ ಒಳ್ಳೆ ಹೆಸರಿದ್ದ ಒಬ್ಬ ವ್ಯಾಪಾರಿ ಒಂದಿಷ್ಟನ್ನು ತನ್ನ ಹೆಸರಿನಲ್ಲಿ ಮಾರಿದರು, ಅಂಥವೇ ಇನ್ನೊಂದಿಷ್ಟನ್ನು ಯಾರಿಗೂ ಗೊತ್ತಿಲ್ಲದ ಹೊಸ ಹೆಸರುಗಳಲ್ಲಿ ಮಾರಿದರು. ಒಂದೇ ಥರದ ಸರಕು, ಮಾರುವವರೂ ಒಬ್ಬರೇ. ಹಳೇ ಹೆಸರಿಗೆ ಗಿರಾಕಿಗಳು ಕೊಡಲು ತಯಾರಿದ್ದದ್ದು ಶೇಕಡ 8.1ರಷ್ಟು ಜಾಸ್ತಿ. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎಂಟು ಪರ್ಸೆಂಟ್ ಏನು ಮಹಾ ಅನ್ನಬೇಡಿ. ಮಸಾಲೆ, ಕಾಫಿಯಂಥ ಸರಕಿನಲ್ಲಿ ಪ್ಲಾಟ್‌ಫಾರ್ಮಿನ (ಅಂದರೆ ಮಾರಾಟದ ಆ್ಯಪಿನ) ಕಮಿಷನ್, ಕೊರಿಯರ್ ಖರ್ಚು, ವಾಪಸ್ ಬಂದ ಪಾರ್ಸೆಲ್ ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯೋದು ಎಷ್ಟು ಅಂತ ಮಾರುವವರನ್ನೇ ಕೇಳಿ ನೋಡಿ.

ಹೆಸರು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಅರ್ಥಶಾಸ್ತ್ರಜ್ಞರಾದ ಲೂಯಿಸ್ ಕಬ್ರಾಲ್ ಮತ್ತು ಅಲಿ ಹೊರ್ಟಾಚ್ಸು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇ ವ್ಯಾಪಾರಿಗಳನ್ನು ಬೆನ್ನುಹತ್ತಿ ನೋಡಿದರು. ಮೊದಲ ನೆಗೆಟಿವ್, ಅಂದರೆ ಕೆಟ್ಟ ಅಭಿಪ್ರಾಯ ಬರುವ ತನಕ ವಾರಕ್ಕೆ ಶೇಕಡ 5ರ ಹಾಗೆ ಏರುತ್ತಿದ್ದ ಮಾರಾಟ, ಬಂದ ಮೇಲೆ ಶೇಕಡ 8ರ ಹಾಗೆ ಇಳಿಯಲು ಶುರುವಾಯಿತು. ಇನ್ನೂ ಕುತೂಹಲದ ವಿಷಯ ಒಂದಿದೆ. ವ್ಯಾಪಾರ ಬಿಟ್ಟು ಹೋದವರಿಗೆ ಹೋಗುವ ಮುಂಚಿನ ದಿನಗಳಲ್ಲಿ ಮಾಮೂಲಿಗಿಂತ ಜಾಸ್ತಿ ನೆಗೆಟಿವ್ ಬಂದಿದ್ದವು. ಹೇಗೂ ಅಂಗಡಿ ಮುಚ್ಚುವವರಿಗೆ ಹೆಸರಿನ ಚಿಂತೆ ಯಾಕೆ?

ಇಲ್ಲಿಗೆ ವಿಷಯದ ಬುಡ ಸಿಕ್ಕಿತು. ಹಳೇ ವ್ಯಾಪಾರಿಯ 4.7 ಸ್ಟಾರ್ ಗಿರಾಕಿಯ ಕೈಯಲ್ಲಿ ಅಡವಿಟ್ಟ ಒಡವೆ ಇದ್ದಂತೆ. ಮೋಸ ಮಾಡಿದರೆ ಅದು ಹೋಗುತ್ತದೆ, ಮತ್ತೆ ಗಳಿಸಲು ವರ್ಷಗಳು ಬೇಕು ಅಂತ ಇಬ್ಬರಿಗೂ ಗೊತ್ತು. ಗಿರಾಕಿ ನಂಬೋದು ವ್ಯಾಪಾರಿಯ ಒಳ್ಳೆಯತನವನ್ನಲ್ಲ, ಆ ಅಡವನ್ನು. ನಿನ್ನೆ ಅಕೌಂಟ್ ತೆರೆದವರು ಎಷ್ಟೇ ಸಾಚಾ ಆಗಿರಲಿ, ಅವರ ಹತ್ತಿರ ಅಡವಿಡಲು ಏನೂ ಇಲ್ಲ. ಹೊಸಬರು ರೇಟು ಇಳಿಸಿ ಮಾರಬೇಕಾಗಿ ಬರೋದು ಇದಕ್ಕೇ. ಅನ್ಯಾಯ ಅನ್ನಿಸುತ್ತದೆ, ನಿಜ. ಆದರೆ ಹೊಸಬರಿಗೂ ಹಳಬರಷ್ಟೇ ರೇಟು ಸಿಗುವ ಹಾಗಿದ್ದರೆ ಹೆಸರು ಕೆಟ್ಟವರೆಲ್ಲ ರಾತ್ರೋರಾತ್ರಿ ಬೋರ್ಡು ಬದಲಿಸಿ ಬರುತ್ತಿದ್ದರು.

ಸರಾಸರಿಯ ಆಟ

ಸಣ್ಣ ವ್ಯಾಪಾರಿಗಳಿಗೆ ನಿದ್ದೆ ಕೆಡಿಸೋದು ಸರಾಸರಿ. ಒಬ್ಬರಿಗೆ 20 ರೇಟಿಂಗ್ ಬಂದಿವೆ, ಸರಾಸರಿ 4.8 ಇದೆ ಅನ್ನಿ. ಒಂದೇ ಒಂದು ಸಿಂಗಲ್ ಸ್ಟಾರ್ ಬಿತ್ತು. ಸರಾಸರಿ 4.62ಕ್ಕೆ ಇಳಿಯುತ್ತದೆ. ಅದನ್ನು ಮತ್ತೆ 4.8ಕ್ಕೆ ತರಲು ಎಷ್ಟು ಐದು ಸ್ಟಾರ್ ಬೇಕು? ಹತ್ತೊಂಬತ್ತು, ನಡುವೆ ಒಂದೂ ತಪ್ಪದ ಹಾಗೆ. ಅದೇ ಸಿಂಗಲ್ ಸ್ಟಾರ್ 500 ರೇಟಿಂಗ್ ಇರುವವರಿಗೆ ಬಿದ್ದರೆ 4.8 ಹೋಗಿ 4.79 ಆಗುತ್ತದೆ, ಪರದೆ ಮೇಲೆ ಗೊತ್ತೂ ಆಗುವುದಿಲ್ಲ.

ಹಾಗಂತ ಕಡಿಮೆ ರೇಟಿಂಗ್ ಇರುವವರ ಐದಕ್ಕೆ ಐದನ್ನು ನೋಡಿ ಮರುಳಾಗಬಾರದು. ಮೂರಕ್ಕೆ ಮೂರು ಜನ ಚೆನ್ನಾಗಿದೆ ಅಂದವರು ಒಳ್ಳೆಯವರೋ, ನೂರಕ್ಕೆ 95 ಜನ ಚೆನ್ನಾಗಿದೆ ಅಂದವರೋ? ಮೂರು ಜನ ಅಂದರೆ ಭಾವ, ಅತ್ತಿಗೆ, ಪಕ್ಕದ ಮನೆಯವರೂ ಆಗಿರಬಹುದು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ವಿಲ್ಸನ್ ಸೂತ್ರ ಅಂತ ಒಂದಿದೆ. ಸಿಕ್ಕ ಪುರಾವೆ ಇಷ್ಟೇ ಆದರೆ, ನಿಜವಾದ ಪ್ರಮಾಣ ಕಡಿಮೆ ಅಂದರೂ ಎಷ್ಟಿರಬಹುದು ಅಂತ ಅದು ಅಂದಾಜು ಕೊಡುತ್ತದೆ. ಮಾಮೂಲಾಗಿ ಬಳಸುವ ಶೇಕಡ 95ರ ಭರವಸೆಯಲ್ಲಿ ಲೆಕ್ಕ ಹಾಕಿದರೆ ಮೂರಕ್ಕೆ ಮೂರು ಅನ್ನೋದು ಸುಮಾರು 44 ಪರ್ಸೆಂಟಿಗೆ ಇಳಿಯುತ್ತದೆ. ನೂರಕ್ಕೆ 95 ಅನ್ನೋದು ಸುಮಾರು 89ರಲ್ಲಿ ನಿಲ್ಲುತ್ತದೆ. ಸೂತ್ರ ಮರೆತರೂ ಪರವಾಗಿಲ್ಲ. ಸ್ಟಾರ್ ನೋಡುವಾಗ ಪಕ್ಕದ ಬ್ರಾಕೆಟ್ಟಿನ ಸಂಖ್ಯೆಯನ್ನೂ ನೋಡಿ.

ಇನ್ನೊಂದು ಮಾತು. ಸರಕು ಚೆನ್ನಾಗಿದ್ದರೆ ಜನ ಕಾಫಿ ಕುಡಿದು ಸುಮ್ಮನಾಗುತ್ತಾರೆ. ಖುಷಿಯಾದ ಗಿರಾಕಿಯಿಂದ ಎರಡು ಸಾಲು ಬರೆಸೋದು ಕಷ್ಟ, ಸಿಟ್ಟು ಬಂದವರು ಕೇಳದೆಯೇ ಬರೆಯುತ್ತಾರೆ. ಹೆಸರಾದ ದೊಡ್ಡ ಬ್ರ್ಯಾಂಡಿಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಹಾರ್ವರ್ಡ್‌ನ ಮೈಕಲ್ ಲೂಕಾ ಸಿಯಾಟಲ್ ನಗರದ ಹೋಟೆಲುಗಳ ಬಗ್ಗೆ 2011ರಲ್ಲಿ ಹೊರತಂದ ಅಧ್ಯಯನ ಇದನ್ನೇ ಹೇಳುತ್ತದೆ. ಹೋಟೆಲುಗಳಿಗೆ ಜನ ಸ್ಟಾರ್ ಕೊಡುವ ಯೆಲ್ಪ್ ತಾಣದಲ್ಲಿ ಒಂದು ಸ್ಟಾರ್ ಏರಿದರೆ ಹೋಟೆಲಿನ ಆದಾಯ ಶೇಕಡ 5ರಿಂದ 9ರಷ್ಟು ಏರುತ್ತಿತ್ತು. ಆದರೆ ಅದು ಒಂಟಿ ಹೋಟೆಲುಗಳಿಗೆ ಮಾತ್ರ, ಊರೂರಲ್ಲಿ ಶಾಖೆ ಇರುವ ಚೈನ್ ಹೋಟೆಲುಗಳಿಗೆ ಏನೂ ಆಗುತ್ತಿರಲಿಲ್ಲ. ಜನರಿಗೆ ಮೊದಲೇ ಗೊತ್ತಿರುವ ಹೆಸರಿಗೆ ಸ್ಟಾರ್ ಬೇಕಿಲ್ಲ. ಸಕಲೇಶಪುರದಲ್ಲೋ ಕೊಪ್ಪದಲ್ಲೋ ಏಲಕ್ಕಿ, ಮೆಣಸು, ಜೇನು ಪ್ಯಾಕ್ ಮಾಡಿ ಕಳಿಸುವವರಿಗೆ ಬೇಕೇ ಬೇಕು.

ಸ್ಟಾರ್ ಆಚೆಗೂ ಕೆಲವು ಲೆಕ್ಕ ಇವೆ. ಗಿರಾಕಿಗೆ ಕಾಣೋದಿಲ್ಲ, ಪ್ಲಾಟ್‌ಫಾರ್ಮಿಗೆ ಕಾಣುತ್ತವೆ. ಅಮೆಜಾನ್‌ನ ನಿಯಮ ನೋಡಿ. ಒಂದು-ಎರಡು ಸ್ಟಾರಿನ ಫೀಡ್‌ಬ್ಯಾಕ್, ದುಡ್ಡು ವಾಪಸ್ ಕೇಳಿದ ದೂರು, ಕಾರ್ಡ್ ಬ್ಯಾಂಕಿಗೆ ಹೋದ ತಕರಾರು, ಇವೆಲ್ಲ ಸೇರಿ ಒಟ್ಟು ಆರ್ಡರಿನ ಶೇಕಡ 1ರ ಒಳಗಿರಬೇಕು. ತಡವಾಗಿ ಕಳಿಸಿದ್ದು ಶೇಕಡ 4ರ ಒಳಗೆ, ಮಾರುವವರೇ ರದ್ದು ಮಾಡಿದ್ದು ಶೇಕಡ 2.5ರ ಒಳಗೆ. ಮೀರಿದರೆ ಅಕೌಂಟಿಗೇ ಕುತ್ತು ಬರಬಹುದು. ದೊಡ್ಡ ಗೋದಾಮು ಇಟ್ಟುಕೊಂಡವರಿಗೆ ಇದು ಸುಲಭ. ಎರಡು ತಿಂಗಳಿಗೆ 30 ಆರ್ಡರ್ ಬರುವವರಿಗೆ ಒಂದೇ ಒಂದು ದೂರು ಬಂದರೂ ಶೇಕಡ 3 ದಾಟಿತು! ನಿಯಮ ಎಲ್ಲರಿಗೂ ಒಂದೇ ಅನ್ನುತ್ತಾರೆ, ಲೆಕ್ಕ ಮಾತ್ರ ಸಣ್ಣವರ ತಲೆ ಮೇಲೇ ಬೀಳುತ್ತದೆ.

ಅದರಲ್ಲೂ ಮಲೆನಾಡಿನ ಮಳೆಗಾಲ. ಜುಲೈನಲ್ಲಿ ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮರ ಬಿದ್ದು ರಸ್ತೆ ಬಂದ್. ಚಾರ್ಮಾಡಿ ಘಾಟಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಕುಸಿದರೆ ಮಂಗಳೂರಿನ ಕಡೆ ಹೋಗುವ ಪಾರ್ಸೆಲ್ ಸುತ್ತಿ ಬಳಸಿ ಹೋಗಬೇಕು. ಆರ್ಡರ್ ಬಂದಿದೆ ಅಂತ ಮಾರುವವರಿಗೆ ಗೊತ್ತಾಗುವ ಹೊತ್ತಿಗೇ ಕಳಿಸುವ ಗಡುವು ಮುಗಿದಿರುತ್ತದೆ. ಇದಕ್ಕೆ ಇರುವ ಮದ್ದು ಸಪ್ಪೆ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಪ್ಯಾಕ್ ಮಾಡಲು ಬೇಕಾದ ದಿನಗಳನ್ನು ಜೂನ್ ಬರುವ ಮೊದಲೇ ಒಂದರಿಂದ ಮೂರಕ್ಕೆ ಏರಿಸಿಡೋದು. ಭಾರಿ ಮಳೆಯ ಮುನ್ಸೂಚನೆ ಬಂದ ವಾರ ಅಂಗಡಿಯನ್ನು ರಜೆಗೆ ಹಾಕೋದು. ನಾಲ್ಕು ಆರ್ಡರ್ ತಪ್ಪಬಹುದು. ಕಳಿಸಲಾಗದ ನಾಲ್ಕು ಆರ್ಡರ್ ಹಿಡಿದುಕೊಂಡು ಕೂರೋದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ಎಲ್ಲ ಕೆಟ್ಟ ರೇಟಿಂಗನ್ನೂ ಹಣೆಬರಹ ಅಂತ ನುಂಗಿಕೊಳ್ಳಬೇಕಿಲ್ಲ. ಅಮೆಜಾನಿನಲ್ಲಿ ಮಾರುವವರ ಫೀಡ್‌ಬ್ಯಾಕ್ ಬೇರೆ, ಸರಕಿನ ರಿವ್ಯೂ ಬೇರೆ. "ಪುಡಿ ಕಹಿ ಇದೆ" ಅಂತಷ್ಟೇ ಮಾರುವವರ ಖಾತೆಯಲ್ಲಿ ಬರೆದಿದ್ದರೆ ಅದನ್ನು ತೆಗೆಸಬಹುದು. ಅಮೆಜಾನಿನ ಗೋದಾಮಿನಿಂದಲೇ ಹೋದ ಪಾರ್ಸೆಲ್ ತಡವಾಗಿದ್ದಕ್ಕೆ ಬಂದ ಸ್ಟಾರನ್ನೂ ಅಡ್ಡಗೆರೆ ಹೊಡೆಸಿ ಲೆಕ್ಕದಿಂದ ತೆಗೆಸಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಊದಿದ ಪ್ಯಾಕೆಟ್

ಮೂಡಿಗೆರೆ ಕಡೆಯ ನನ್ನ ಪರಿಚಯದ ದಂಪತಿ ಮನೆಯಲ್ಲೇ ಬೀಜ ಹುರಿದು, ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಒಮ್ಮೆ ಹೈದರಾಬಾದಿನ ಗಿರಾಕಿಯೊಬ್ಬರಿಂದ ಸಿಂಗಲ್ ಸ್ಟಾರ್ ಬಂತು. "ಪ್ಯಾಕೆಟ್ ಊದಿಕೊಂಡಿದೆ, ಹಾಳಾದ ಸರಕು ಕಳಿಸಿದ್ದಾರೆ." ಜೊತೆಗೆ ಫೋಟೊ. ಪೌಚ್ ಇನ್ನೇನು ಒಡೆಯುವಷ್ಟು ಉಬ್ಬಿತ್ತು.

ಪುಡಿ ಹಾಳಾಗಿರಲಿಲ್ಲ, ತೀರಾ ತಾಜಾ ಇತ್ತು. ಹುರಿದ ಕಾಫಿಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹುರಿದ ಕೂಡಲೇ ಪುಡಿ ಮಾಡಿ, ಗಾಳಿಯಾಡದ ಪೌಚಿನಲ್ಲಿ ಸೀಲ್ ಮಾಡಿದರೆ ಆ ಅನಿಲ ಎಲ್ಲಿಗೆ ಹೋಗಬೇಕು? ಬಸ್ಸು, ಲಾರಿ, ಗೋದಾಮಿನ ಬಿಸಿಲಲ್ಲಿ ಪೌಚು ಉಬ್ಬುತ್ತದೆ. ಇದನ್ನು ಬಲ್ಲ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಕಾಫಿ ಬಗ್ಗೆ ತಿಳಿಯದವರು ನಮ್ಮ ಪುಡಿ ಕೊಳ್ಳಬೇಡಿ ಅಂತ ಟೈಪ್ ಮಾಡಿಯೇಬಿಟ್ಟರು. ಕಳಿಸುವ ಮೊದಲು ಅವರ ಹೆಂಡತಿ ಫೋನ್ ಕಸಿದುಕೊಂಡರು.

"ರೀ, ಇದನ್ನ ಅವರೊಬ್ಬರೇ ಓದಲ್ಲ. ಮುಂದೆ ಕೊಳ್ಳೋರೆಲ್ಲ ಓದ್ತಾರೆ."

ಕೊನೆಗೆ ಅವರು ಬರೆದದ್ದು ಇಷ್ಟು: "ಪ್ಯಾಕೆಟ್ ಹಾಗೆ ಬಂದದ್ದಕ್ಕೆ ಕ್ಷಮೆ ಇರಲಿ ಸರ್. ಹೊಸದಾಗಿ ಹುರಿದ ಪುಡಿ ಅನಿಲ ಬಿಡುವುದರಿಂದ ಪೌಚ್ ಉಬ್ಬಿದೆ, ಪುಡಿ ಕೆಟ್ಟಿಲ್ಲ. ಆದರೂ ನಿಮಗೆ ಸಮಾಧಾನ ಇಲ್ಲದಿದ್ದರೆ ಬೇರೆ ಪ್ಯಾಕೆಟ್ ಕಳಿಸುತ್ತೇವೆ. ಮುಂದಿನ ಸರಕಿಗೆ ವಾಲ್ವ್ ಇರುವ ಪೌಚ್ ಹಾಕುತ್ತಿದ್ದೇವೆ." ಹಾಗೇ ಮಾಡಿದರು ಕೂಡ. ಒಳಗಿನ ಅನಿಲ ಹೊರಗೆ ಬಿಟ್ಟು ಹೊರಗಿನ ಗಾಳಿ ಒಳಗೆ ಬಿಡದ ಪುಟ್ಟ ವಾಲ್ವ್ ಅದು, ಪೌಚಿಗೆ ಸ್ವಲ್ಪ ಖರ್ಚು ಜಾಸ್ತಿ. ಲೇಬಲ್ಲಿನಲ್ಲಿ ಹುರಿದ ದಿನಾಂಕವನ್ನೂ ಹಾಕತೊಡಗಿದರು. ಹೈದರಾಬಾದಿನವರು ಸ್ಟಾರ್ ಬದಲಿಸಲಿಲ್ಲ. ಆ ಸಿಂಗಲ್ ಸ್ಟಾರ್ ಇವತ್ತಿಗೂ ಹಾಗೇ ಇದೆ, ಕೆಳಗೆ ಈ ಉತ್ತರವೂ ಇದೆ. "ನಿಮ್ಮ ಉತ್ತರ ಓದಿಯೇ ಆರ್ಡರ್ ಮಾಡಿದೆ" ಅಂತ ಆಮೇಲೆ ಒಂದಿಬ್ಬರು ಬರೆದಿದ್ದಾರಂತೆ. ನನ್ನ ಪ್ರಕಾರ ಮಾರುವವರ ಗುಣ ತಿಳಿಯೋದು ಐದು ಸ್ಟಾರಿನ ರಿವ್ಯೂಗಳಲ್ಲಲ್ಲ. ಏನಾದರೂ ಎಡವಟ್ಟಾದಾಗ ಅವರು ಏನು ಮಾಡುತ್ತಾರೆ ಅನ್ನೋದರಲ್ಲಿ. ನಾನಂತೂ ಹೊಸ ಕಡೆ ಕೊಳ್ಳುವಾಗ ನೇರ ಒಂದು-ಎರಡು ಸ್ಟಾರಿಗೆ ಹೋಗಿ, ಅದರ ಕೆಳಗಿನ ಉತ್ತರ ಓದುತ್ತೇನೆ.

ಚಿಕ್ಕಮಗಳೂರು ಜಿಲ್ಲೆಯ ಹೋಂಸ್ಟೇಗಳ ಕಥೆಯೂ ಇದೇ. ಮಳೆಗಾಲದಲ್ಲಿ ಬಂದ ಬೆಂಗಳೂರಿನವರು "ಇಂಬಳ ಕಚ್ಚಿತು, ಕರೆಂಟ್ ಹೋಯಿತು, ಒಂದು ಸ್ಟಾರ್" ಅಂತ ಬರೆದು ಹೋಗುತ್ತಾರೆ. ಇಂಬಳಕ್ಕೆ, ಅಂದರೆ ತೋಟದ ಜಿಗಣೆಗೆ, ಹೋಂಸ್ಟೇ ಮಾಲೀಕರು ಏನು ಮಾಡಬೇಕು ಹೇಳಿ! ಆದರೆ ಜಾಣ ಮಾಲೀಕರು ಪುಟದ ಮೇಲೆಯೇ ಬರೆದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದಲ್ಲಿ ಇಂಬಳ ಇರುತ್ತವೆ, ಬೂಟು ತನ್ನಿ, ಉಪ್ಪು ನಾವು ಕೊಡುತ್ತೇವೆ, ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಮಾತ್ರ. ಇದನ್ನು ಓದಿ ಬಂದವರು ಇಂಬಳ ಕಂಡರೆ ಫೋಟೊ ತೆಗೆದುಕೊಳ್ಳುತ್ತಾರೆ. ಗಿರಾಕಿಯ ಸ್ಟಾರ್ ಅಳೆಯೋದು ಸರಕನ್ನಲ್ಲ. ನೀವು ಹೇಳಿದ್ದಕ್ಕೂ ಅವರಿಗೆ ಸಿಕ್ಕಿದ್ದಕ್ಕೂ ಎಷ್ಟು ಅಂತರ ಇತ್ತು ಅನ್ನೋದನ್ನು. ಫೋಟೊದಲ್ಲಿ ಬಣ್ಣ ಹೆಚ್ಚಿಸಿದಷ್ಟೂ ಆ ಅಂತರ ಹೆಚ್ಚುತ್ತದೆ.

ಹೋಂಸ್ಟೇಯಲ್ಲಿ ಇನ್ನೊಂದು ತಮಾಷೆ ಇದೆ. ಅಲ್ಲಿ ಗಿರಾಕಿಗೂ ಅಂಕ ಬೀಳುತ್ತದೆ. ಎರಡೂ ಕಡೆಯವರು ಬರೆಯುವ ಪದ್ಧತಿ ಇಬೇಯಲ್ಲಿ ಒಂದು ರೋಗ ತಂದಿತ್ತು: ನೀನು ನನಗೆ ನೆಗೆಟಿವ್ ಕೊಟ್ಟರೆ ನಾನೂ ನಿನಗೆ ಕೊಡುತ್ತೇನೆ. ಆ ಹೆದರಿಕೆಗೆ ಕೊಂಡವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅಲ್ಲಿ ಬಂದ ಅಭಿಪ್ರಾಯಗಳಲ್ಲಿ ನೂರಕ್ಕೆ 99 ಪಾಸಿಟಿವ್ ಆಗಿದ್ದುದಕ್ಕೆ ಇದೂ ಒಂದು ಕಾರಣ. 2008ರಲ್ಲಿ ಇಬೇ, ಮಾರುವವರು ಕೊಳ್ಳುವವರಿಗೆ ನೆಗೆಟಿವ್ ಕೊಡೋದನ್ನೇ ನಿಲ್ಲಿಸಿತು. ಮನೆ, ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಬೇರೆ ದಾರಿ ಹಿಡಿಯಿತು. ಇಬ್ಬರೂ ಬರೆದು ಮುಗಿಸುವ ತನಕ ಅಥವಾ 14 ದಿನ ಕಳೆಯುವ ತನಕ ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸೇಡಿಗೆ ಅವಕಾಶವೇ ಇಲ್ಲ. ನನಗೆ ಈ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಯಾಕೆಂದರೆ ರಾತ್ರಿ ಎರಡರ ತನಕ ಸ್ಪೀಕರ್ ಹಾಕಿ ಪಕ್ಕದ ತೋಟದವರ ನಿದ್ದೆ ಕೆಡಿಸುವ ಅತಿಥಿಗಳೂ ಇದ್ದಾರಲ್ಲ.

ಹೆಸರಿಗೆ ಇಷ್ಟು ಬೆಲೆ ಇದೆ ಅಂದಮೇಲೆ ಅದರ ನಕಲೂ ಬಂದೇ ಬರುತ್ತದೆ. ಪಾರ್ಸೆಲ್ ಒಳಗೆ ಒಂದು ಚೀಟಿ: "ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, 100 ರೂಪಾಯಿ ವಾಪಸ್." ಟೆಲಿಗ್ರಾಂ ಗುಂಪುಗಳಲ್ಲಿ ಸರಕು ಕೊಂಡು, ಹೊಗಳಿ ಬರೆದು, ಪೂರ್ತಿ ದುಡ್ಡು ವಾಪಸ್ ಪಡೆಯುವವರೂ ಇದ್ದಾರೆ. ಹಳೇ ಸರಕಿನ ರಿವ್ಯೂಗಳನ್ನು ಹಾಗೇ ಇಟ್ಟುಕೊಂಡು ಫೋಟೊ, ಹೆಸರು ಮಾತ್ರ ಬದಲಿಸುವವರಿದ್ದಾರೆ. ಜೇನಿನ ಪುಟದಲ್ಲಿ "ಚಾರ್ಜರ್ ಚೆನ್ನಾಗಿ ಕೆಲಸ ಮಾಡುತ್ತಿದೆ" ಅಂತ ಕಂಡರೆ ಅರ್ಥ ಮಾಡಿಕೊಳ್ಳಿ. ಒಂದೇ ವಾರದಲ್ಲಿ ಸುರಿದ ಐದು ಸ್ಟಾರ್‌ಗಳು, ಸರಕಿನ ಯಾವ ವಿವರವೂ ಇಲ್ಲದ "ಸೂಪರ್", "ವಂಡರ್‌ಫುಲ್"ಗಳು ಅನುಮಾನಕ್ಕೆ ಜಾಗ. ಮೂರು ಸ್ಟಾರ್ ಕೊಟ್ಟವರ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ದುಡ್ಡು ತಗೊಂಡು ಯಾರೂ ಮೂರು ಸ್ಟಾರ್ ಕೊಡಲ್ಲ.

ಕಾನೂನು ಏನನ್ನುತ್ತದೆ? ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರ ಜುಲೈನಲ್ಲಿ ಬಂದವು. ಮಾರುವವರೇ ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ ಅಂತ ಅವು ನೇರವಾಗಿ ಹೇಳುತ್ತವೆ. ಮಾರುವವರ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್, ಅವರ ರೇಟಿಂಗ್ ಎಲ್ಲವನ್ನೂ ಪ್ಲಾಟ್‌ಫಾರ್ಮ್ ತೋರಿಸಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋದಿಂದ ಆನ್‌ಲೈನ್ ರಿವ್ಯೂಗಳಿಗೇ ಒಂದು ಮಾನದಂಡ ಬಂತು, ಐಎಸ್ 19000. ಪ್ಲಾಟ್‌ಫಾರ್ಮಿನಲ್ಲಿ ಬಗೆಹರಿಯದ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕಷ್ಟಪಟ್ಟು ಗಳಿಸಿದ ಹೆಸರು ಯಾರದ್ದು ಅನ್ನೋ ಪ್ರಶ್ನೆಗೆ ಮಾತ್ರ ಈ ನಿಯಮಗಳಲ್ಲಿ ಉತ್ತರ ಇಲ್ಲ. ಒಂದು ಆ್ಯಪಿನಲ್ಲಿ ನಾಲ್ಕು ವರ್ಷ ಮಾರಿ 4.7 ಗಳಿಸಿದವರು ನಾಳೆ ಇನ್ನೊಂದಕ್ಕೆ ಹೋದರೆ ಅಲ್ಲಿ ಅವರು ಹೊಸಬರೇ. ಸ್ಟಾರ್‌ಗಳನ್ನು ಗಂಟುಕಟ್ಟಿ ಒಯ್ಯೋಕಾಗಲ್ಲ. ಕಮಿಷನ್ ಏರಿಸಿದರೂ ಸಣ್ಣ ವ್ಯಾಪಾರಿಗಳು ಬಿಟ್ಟು ಹೋಗದಿರೋದು ಇದಕ್ಕೇ, ಅದು ಪ್ಲಾಟ್‌ಫಾರ್ಮುಗಳಿಗೂ ಚೆನ್ನಾಗಿ ಗೊತ್ತು.

ಹೆಸರು ಬೇರೆಯವರ ಕೈಯಲ್ಲಿರೋದು ಕಾಫಿ ಬೆಳೆಗಾರರಿಗೆ ಹೊಸದೇನಲ್ಲ. 1990ರ ದಶಕದ ತನಕ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯೂ ಒಟ್ಟಿಗೆ ಸೇರುವ ರಾಶಿಗೆ ಕೊಡಬೇಕಿತ್ತು. ದರ್ಜೆ ನೋಡಿ ದುಡ್ಡು ಬರುತ್ತಿತ್ತು ನಿಜ, ಆದರೆ ಯಾರ ತೋಟದ ಬೀಜ ಅಂತ ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ. 1996ರಿಂದ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಹಾಗಾಯಿತು. ಬರೀ ಬೀಜವಲ್ಲ, ತೋಟದ ಹೆಸರನ್ನೂ ಮಾರಬಹುದು ಅಂತಾಯಿತು.

2019ರಲ್ಲಿ "ಚಿಕ್ಕಮಗಳೂರು ಅರೇಬಿಕಾ" ಮತ್ತು "ಬಾಬಾಬುಡನ್‌ಗಿರಿ ಅರೇಬಿಕಾ" ಎರಡಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ಇದು ಒಬ್ಬರ ಹೆಸರಲ್ಲ, ಇಡೀ ಗುಡ್ಡಸಾಲಿನ ಹೆಸರು. ಒಳ್ಳೆಯದೂ ಅದೇ, ತೊಂದರೆಯೂ ಅದೇ. ಎಲ್ಲಿಯದೋ ಬೀಜಕ್ಕೆ ಚಿಕ್ಕಮಗಳೂರಿನ ಫೋಟೊ ಹಾಕಿ ಮಾರಿದವರಿಗೆ ಬೀಳುವ ಸಿಂಗಲ್ ಸ್ಟಾರ್ ಕೊನೆಗೆ ಇಲ್ಲಿಯ ಬೆಳೆಗಾರರ ತಲೆಗೇ ಬರುತ್ತದೆ. ಜಿಐ ಹೆಸರನ್ನು ಕಾನೂನುಬದ್ಧವಾಗಿ ಬಳಸಲು ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಬೇಕು. ತೋಟ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಮಾರುವವರು ಈ ಕಾಗದ ಮಾಡಿಸಿಟ್ಟುಕೊಳ್ಳೋದು ಒಳ್ಳೆಯದು. ಯಾವ ಆ್ಯಪಿಗೆ ಹೋದರೂ ಅದು ಜೊತೆಗೆ ಬರುತ್ತದೆ.

ಜೊತೆಗೆ ಬರುವ ಇನ್ನೊಂದು ಅಂದರೆ ಲೇಬಲ್. ಈ ಆ್ಯಪ್ ಬಿಟ್ಟು ನಮ್ಮಿಂದ ನೇರ ಕೊಳ್ಳಿ ಅಂತ ಪಾರ್ಸೆಲ್ಲಿನಲ್ಲಿ ಚೀಟಿ ಹಾಕೋದಕ್ಕೆ ಅಮೆಜಾನಿನಂಥ ಪ್ಲಾಟ್‌ಫಾರ್ಮುಗಳು ಬಿಡುವುದಿಲ್ಲ. ಆದರೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ದೂರು ಹೇಳಲು ಫೋನ್ ನಂಬರ್ ಪ್ಯಾಕೆಟ್ ಮೇಲೆ ಇರಲೇಬೇಕು ಅಂತ ತೂಕ-ಅಳತೆ ಕಾನೂನೇ ಹೇಳುತ್ತದೆ. ಅದನ್ನು ಯಾವ ಪ್ಲಾಟ್‌ಫಾರ್ಮೂ ಬೇಡ ಅನ್ನುವಂತಿಲ್ಲ. ಹಾಗಾಗಿ ಆ ಮೂರು ಸಾಲನ್ನು ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಅಚ್ಚು ಹಾಕಿಸಬೇಡಿ. ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿ ಹಾಕಿಸಿ, ಆ ನಂಬರಿಗೆ ಫೋನ್ ಬಂದರೆ ಎತ್ತಿ.